ಪದ್ಮಿನಿ ಕಾರಿನ ಸೀಟಿಗೆ ಹೊಸ ಹೊದಿಕೆ: ನೀವೇ ಹಾಕುವುದೋ, ಅಂಗಡಿಗೆ ಕೊಡುವುದೋ?

ಮುಂಬೈಯಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಉಳಿಸಿಕೊಂಡವರಿಗೆ ನಮ್ಮ ಸಲಹೆ: ಬಿಚ್ಚುವುದು, ಹಾಕುವುದು ನೀವೇ ಮಾಡಿ, ಹೊಲಿಗೆ ಮಾತ್ರ ಅಂಗಡಿಗೆ ಬಿಡಿ. ಮನೆಯ ಹೊಲಿಗೆ ಯಂತ್ರ ಎರಡು ಪದರ ರೆಕ್ಸಿನ್ ಹೇಗೋ ದಾಟಿಸೀತು. ಪೈಪಿಂಗ್ (ಅಂಚಿನ ಉಬ್ಬು ಪಟ್ಟಿ) ಸೇರಿ ನಾಲ್ಕು ಪದರವಾದ ಕಡೆ ಸೂಜಿ ಮುರಿಯುತ್ತದೆ. ಅಂಗಡಿಯ ದೊಡ್ಡ ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ.

ಆದರೆ ಅಂಗಡಿಯಲ್ಲಿ ಅವಸರಕ್ಕೆ ಹಳೆಯ ಫೋಮಿನ ಮೇಲೆಯೇ ಹೊಸ ಹೊದಿಕೆ ಎಳೆದುಬಿಡುವುದುಂಟು. ಮಳೆಗಾಲದ ತೇವಕ್ಕೆ ಸ್ಪ್ರಿಂಗ್ ತುಕ್ಕು ಹಿಡಿದದ್ದು ಕಾಣುವುದೇ ಇಲ್ಲ. ನೀವೇ ಬಿಚ್ಚಿದರೆ ಸ್ಪ್ರಿಂಗ್ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಮೇಲೆ ದಪ್ಪ ಕ್ಯಾನ್ವಾಸ್ ಹಾಸಬಹುದು. ಹಳೆಯ ಹೊದಿಕೆಯ ಹೊಲಿಗೆ ಬಿಡಿಸಿ, ತುಂಡುಗಳಿಗೆ ನಂಬರ್ ಬರೆದು ಕೊಡಿ, ಅದೇ ಅಳತೆ. ಹಾಕುವ ಮುನ್ನ ರೆಕ್ಸಿನ್ ಅರ್ಧ ಗಂಟೆ ಬಿಸಿಲಿಗಿಡಿ. ತಣ್ಣಗಿದ್ದರೆ ಮೂಲೆಯಲ್ಲಿ ನಿರಿಗೆ ಉಳಿಯುತ್ತದೆ. ಮಧ್ಯದಿಂದ ಅಂಚಿಗೆ ಎಳೆಯುತ್ತ ಹಾಗ್ ರಿಂಗ್ (ಹೊದಿಕೆಯನ್ನು ಸೀಟಿನ ಚೌಕಟ್ಟಿಗೆ ಬಿಗಿಯುವ ತಂತಿ ಉಂಗುರ) ಹಾಕಿ.

ರೂಫ್ ಲೈನಿಂಗ್ (ಚಾವಣಿಯ ಒಳಹೊದಿಕೆ) ಪೂರ್ತಿ ಅಂಗಡಿಗೇ ಕೊಡಿ: ಅದಕ್ಕೆ ಗಾಜುಗಳನ್ನೇ ತೆಗೆಯಬೇಕಾಗುತ್ತದೆ.