ಕ್ರಾಸ್-ಸೀಡ್: ಎರಡೂವರೆ ವರ್ಷ ಬಳಸಿದ ಮೇಲೆ

ಟೊರೆಂಟ್ ಅಂದರೆ ಜನ ತಮ್ಮ ಕಂಪ್ಯೂಟರ್‌ಗಳಿಂದಲೇ ಒಬ್ಬರಿಗೊಬ್ಬರು ಫೈಲ್ ಹಂಚಿಕೊಳ್ಳುವ ವಿಧಾನ, ಹಾಗೆ ಬೇರೆಯವರಿಗೆ ಕೊಡುತ್ತಿರುವುದೇ ಸೀಡ್. ನಮ್ಮಲ್ಲಿರುವ ಅದೇ ಫೈಲನ್ನು ಹಲವು ಟೊರೆಂಟ್ ಸೈಟುಗಳಲ್ಲಿ ಸೀಡ್ ಮಾಡಿಸುವ ತಂತ್ರಾಂಶ ಕ್ರಾಸ್-ಸೀಡ್. ಅದನ್ನು ಹಾಕಿಕೊಂಡು ಎರಡೂವರೆ ವರ್ಷ ಆಯಿತು. 5ನೇ ಆವೃತ್ತಿಯಲ್ಲಿ ಶುರು ಮಾಡಿದ್ದೆ, ಈಗ 6ರಲ್ಲಿದ್ದೇನೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರ್‌ನಲ್ಲಿ, ಡಾಕರ್ (ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಒಳಗೆ, ಟೊರೆಂಟ್ ಇಳಿಸಿ ಹಂಚುವ ಕ್ಯೂಬಿಟ್‌ಟೊರೆಂಟ್ ಜೊತೆಗೆ ಹಗಲೂ ರಾತ್ರಿ ಓಡುತ್ತಿದೆ. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ.

ನಾನು ಹಂಚುವುದು ಲೈವ್ ಸಂಗೀತದ ರೆಕಾರ್ಡಿಂಗ್‌ಗಳನ್ನು. ಗ್ರೇಟ್‌ಫುಲ್ ಡೆಡ್ ತರಹದ ಕೆಲವು ಅಮೆರಿಕನ್ ಬ್ಯಾಂಡ್‌ಗಳು ತಮ್ಮ ಷೋಗಳನ್ನು ರೆಕಾರ್ಡ್ ಮಾಡಿಕೊಳ್ಳಲು ಕೇಳುಗರಿಗೆ ಬಿಟ್ಟಿದ್ದವು. ಆ ಬ್ಯಾಂಡ್ ಅಂತೂ 1984ರಲ್ಲಿ ರೆಕಾರ್ಡ್ ಮಾಡುವವರಿಗೆ ಅಂತಲೇ ಬೇರೆ ಜಾಗ ಕೊಟ್ಟಿತು. ಮಾರುವ ಹಾಗಿಲ್ಲ, ಸುಮ್ನೆ ಹಂಚಿಕೊಳ್ಳಬಹುದು. ಇಂಥವನ್ನು ಇಂಟರ್ನೆಟ್‌ನಲ್ಲಿ ಹಂಚಲು 1998ರಲ್ಲಿ ಹುಟ್ಟಿದ ಬಳಗ ಈಟ್ರೀ. ನನ್ನ ಹತ್ತಿರ ಅಂಥ 640 ಷೋಗಳಿವೆ, ಎಲ್ಲವೂ ಫ್ಲಾಕ್ (ಗುಣಮಟ್ಟ ಕುಗ್ಗಿಸದ ಧ್ವನಿ) ಫೈಲುಗಳು. ಜೊತೆಗೆ ಒಂದಷ್ಟು ಲಿನಕ್ಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲುಗಳು.

ನನಗಿದ್ದ ತೊಂದರೆ ಇದು. ಅದೇ ಷೋ, ಅದೇ ಫೈಲುಗಳು, ಆದರೆ ನಾಲ್ಕು ಸೈಟುಗಳಲ್ಲಿ ನಾಲ್ಕು ಬೇರೆ ಬೇರೆ ಟೊರೆಂಟ್. ಟೊರೆಂಟ್ ಫೈಲುಗಳನ್ನು ಪೀಸ್ ಎಂಬ ತುಂಡುಗಳಾಗಿ ಹಂಚುತ್ತದೆ, ಒಬ್ಬರು ಆ ಪೀಸ್ ಸೈಜ್ ಬೇರೆ ಇಟ್ಟಿರುತ್ತಾರೆ. ಖಾಸಗಿ ಸೈಟಾದರೆ ಟೊರೆಂಟ್ ಒಳಗೆ ಪ್ರೈವೇಟ್ ಎಂಬ ಗುರುತು, ಸೈಟಿನ ಹೆಸರು ಸೇರುತ್ತದೆ. ಅಷ್ಟು ಸಾಕು, ಟೊರೆಂಟನ್ನು ಗುರುತಿಸುವ ಇನ್ಫೋಹ್ಯಾಶ್ ಎಂಬ ಸಂಕೇತ ಬದಲಾಗುತ್ತದೆ. ಹ್ಯಾಶ್ ಬೇರೆಯಾದರೆ ಟೊರೆಂಟ್ ಪಾಲಿಗೆ ಅದು ಬೇರೆಯದೇ ವಸ್ತು. ಒಂದು ಸೈಟಿನಲ್ಲಿ ಹತ್ತು ಜನ ಸೀಡ್ ಮಾಡುತ್ತಿರುತ್ತಾರೆ. ಇನ್ನೊಂದರಲ್ಲಿ ಅದೇ ಷೋ ಸೊನ್ನೆ ಸೀಡ್‌ನಲ್ಲಿ ಬಿದ್ದಿರುತ್ತದೆ. ನನ್ನ ಡಿಸ್ಕಿನಲ್ಲಿ ಫೈಲ್ ಇದೆ, ಅಲ್ಲಿ ಕೇಳುವವರಿದ್ದಾರೆ, ಆದರೂ ತಲುಪುತ್ತಿಲ್ಲ. ಇದು ನನಗೆ ತುಂಬಾ ಬೇಜಾರು ತರುತ್ತಿತ್ತು. ಮೊದಲು ಕೈಯಲ್ಲೇ ಮಾಡುತ್ತಿದ್ದೆ: ತಾರೀಕು ಹಾಕಿ ಹುಡುಕು, ಟೊರೆಂಟ್ ಇಳಿಸಿಕೋ, ಫೋಲ್ಡರ್ ತೋರಿಸು, ಫೈಲುಗಳು ಟೊರೆಂಟ್‌ಗೆ ಸರಿಹೊಂದುತ್ತವೆಯೇ ಅಂತ ರೀಚೆಕ್ ಕೊಡು. ಒಂದು ಷೋಗೆ ಹತ್ತು ನಿಮಿಷ.

ಈ ಕೆಲಸವನ್ನೇ ಕ್ರಾಸ್-ಸೀಡ್ ತಾನಾಗಿ ಮಾಡುತ್ತದೆ. ನಮ್ಮಲ್ಲಿರುವ ಟೊರೆಂಟ್‌ಗಳ ಪಟ್ಟಿ ತೆಗೆದುಕೊಂಡು, ಹಲವು ಸೈಟುಗಳಲ್ಲಿ ಒಟ್ಟಿಗೆ ಹುಡುಕಿಕೊಡುವ ಪ್ರೌಲರ್ ಅಥವಾ ಜ್ಯಾಕೆಟ್ ಮೂಲಕ ಬೇರೆ ಸೈಟುಗಳಲ್ಲಿ ಹುಡುಕುತ್ತದೆ. ಸಿಕ್ಕ ಟೊರೆಂಟ್‌ನ ಫೈಲುಗಳ ಹೆಸರು, ಸೈಜ್ ನಮ್ಮದಕ್ಕೆ ಹೊಂದುತ್ತವೆಯೇ ನೋಡುತ್ತದೆ. ಹೊಂದಿದರೆ ಹಾರ್ಡ್‌ಲಿಂಕ್ ಮಾಡಿ ಕ್ಯೂಬಿಟ್‌ಟೊರೆಂಟ್‌ಗೆ ಸೇರಿಸುತ್ತದೆ. ಡೇಟಾ ಡಿಸ್ಕಿನಲ್ಲಿ ಒಂದೇ ಕಡೆ ಇರುತ್ತದೆ, ಹೆಸರು ಮಾತ್ರ ಎರಡು. ಜಾಗ ಜಾಸ್ತಿ ಹಿಡಿಯುವುದಿಲ್ಲ.

ಸಂಗೀತ ಹಂಚುವವರು ಮೊದಲು ಗಮನಿಸಬೇಕಾದ್ದು ಒಂದಿದೆ. ಇದನ್ನು ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಜಾಸ್ತಿ ವಿಡಿಯೋ. ಕಾನ್ಫಿಗ್ ಫೈಲಿನಲ್ಲಿ 'ಇನ್‌ಕ್ಲೂಡ್ ನಾನ್ ವಿಡಿಯೋಸ್' ಅನ್ನು ಆನ್ ಮಾಡದಿದ್ದರೆ ಫ್ಲಾಕ್ ಫೋಲ್ಡರ್‌ಗಳನ್ನು ಅದು ತಿರುಗಿಯೂ ನೋಡುವುದಿಲ್ಲ. ಮೊದಲ ವಾರ ಒಂದೂ ಸಿಗದೆ ಪೇಚಾಡಿದ್ದಕ್ಕೆ ಕಾರಣ ಇದೇ.

ಎರಡನೆಯ ಪೇಚಾಟ ಡಾಕರ್‌ನದು. ಹೊರಗಿನ ಫೋಲ್ಡರನ್ನು ಕಂಟೇನರ್ ಒಳಗೆ ಕಾಣುವ ಹಾಗೆ ಮಾಡುವುದು ಮೌಂಟ್. ಟೊರೆಂಟ್ ಫೋಲ್ಡರ್ ಒಂದು ಮೌಂಟ್, ಲಿಂಕ್ ಫೋಲ್ಡರ್ ಇನ್ನೊಂದು ಮೌಂಟ್ ಅಂತ ಕೊಟ್ಟಿದ್ದೆ. ಎರಡೂ ಒಂದೇ ಡಿಸ್ಕಿನಲ್ಲಿದ್ದರೂ ಹಾರ್ಡ್‌ಲಿಂಕ್ ಆಗಲಿಲ್ಲ. ಮೌಂಟ್ ಬೇರೆಯಾದರೆ ಕಂಟೇನರ್ ಒಳಗೆ ಅವು ಎರಡು ಡಿಸ್ಕ್ ಇದ್ದ ಹಾಗೆ. ಮೇಲಿನ ಒಂದೇ ಫೋಲ್ಡರನ್ನು ಮೌಂಟ್ ಮಾಡಿ, ಒಳಗೆ ಎರಡು ಫೋಲ್ಡರ್ ಇಟ್ಟೆ. ಸರಿಹೋಯಿತು.

ಮೊದಲ ಹುಡುಕಾಟಕ್ಕೆ ತಾಳ್ಮೆ ಬೇಕು. ಒಂದು ಹುಡುಕಾಟಕ್ಕೂ ಇನ್ನೊಂದಕ್ಕೂ ನಡುವೆ 30 ಸೆಕೆಂಡ್ ಬಿಡುತ್ತದೆ. ನನ್ನ 640 ಷೋಗಳಿಗೆ ಅಂದರೆ 5 ಗಂಟೆ 20 ನಿಮಿಷ. ಒಂದು ಸಲಕ್ಕೆ 400 ಅಂತ ಮಿತಿ ಇಟ್ಟಿದ್ದರಿಂದ ಎರಡು ದಿನ ಹಿಡಿಯಿತು. ಈ ಬಿಡುವು ಸರಿಯೇ ಇದೆ. ಇಂಥ ಸೈಟುಗಳನ್ನು ಎಷ್ಟೋ ಕಡೆ ಒಬ್ಬಿಬ್ಬರು ಕೈಯಿಂದ ದುಡ್ಡು ಹಾಕಿ ನಡೆಸುತ್ತಾರೆ. ಅವರ ಸರ್ವರ್ ಮೇಲೆ ದಾಳಿ ಮಾಡಿದ ಹಾಗೆ ಹುಡುಕಬಾರದು. ಒಮ್ಮೆ ಸೆಟ್ಟಿಂಗ್ ಬದಲಿಸುವ ಭರದಲ್ಲಿ ಇಡೀ ಪಟ್ಟಿಯನ್ನು ದಿನಕ್ಕೆ ಮೂರು ಸಲ ಹುಡುಕಿಸಿಬಿಟ್ಟೆ. ಒಂದು ಸೈಟಿನವರು ನನ್ನನ್ನು ಒಂದು ವಾರ ಹೊರಗಿಟ್ಟರು. ಅವರದು ತಪ್ಪಿಲ್ಲ. ಆಮೇಲೆ ಹೊಸದಾಗಿ ಬಂದದ್ದನ್ನು ಆರ್‌ಎಸ್‌ಎಸ್ ಫೀಡ್ (ಸೈಟಿನ ಹೊಸ ಸೇರ್ಪಡೆಗಳ ಪಟ್ಟಿ) ಮೂಲಕ ಅರ್ಧ ಗಂಟೆಗೊಮ್ಮೆ ನೋಡಲು ಬಿಟ್ಟು, ದೊಡ್ಡ ಹುಡುಕಾಟವನ್ನು ಮಿತಿಯಲ್ಲಿಟ್ಟಿದ್ದೇನೆ.

ಇನ್ನು ಮುಖ್ಯ ವಿಷಯ, ಹೊಂದಾಣಿಕೆ ಎಷ್ಟು ನಂಬಬಹುದು ಅನ್ನುವುದು. ಲೈವ್ ಷೋಗಳಲ್ಲಿ ಇದು ಸುಲಭ ಅಲ್ಲ. ಒಂದೇ ರಾತ್ರಿಯ ಷೋವನ್ನು ಐದು ಜನ ಐದು ಜಾಗದಲ್ಲಿ ಕೂತು ರೆಕಾರ್ಡ್ ಮಾಡಿರುತ್ತಾರೆ. ತಾರೀಕು ಒಂದೇ, ಊರು ಒಂದೇ, ಹಾಡುಗಳೂ ಅವೇ. ಕಣ್ಣಿಗೆ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಫೈಲ್ ಸೈಜ್ ಬೇರೆ. ಕ್ರಾಸ್-ಸೀಡ್ ಅಲ್ಲೇ ಬೇಡ ಅನ್ನುತ್ತದೆ. ಕೈಯಲ್ಲಿ ಮಾಡುವಾಗ ನಾನೇ ಎಷ್ಟೋ ಸಲ ಎಡವುತ್ತಿದ್ದ ಜಾಗ ಇದು.

ಆದರೂ ಸೈಜ್ ಒಂದೇ ಅಂದಮಾತ್ರಕ್ಕೆ ಒಳಗಿರುವುದು ಒಂದೇ ಅಲ್ಲ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಒಂದು ಭಾನುವಾರ ಕೂತು ಸುಮಾರು 30 ಷೋಗಳ ಟ್ಯಾಗ್‌ಗಳನ್ನು (ಫೈಲಿನೊಳಗಿರುವ ಹಾಡಿನ ಹೆಸರು ಮುಂತಾದ ಮಾಹಿತಿ) ತಿದ್ದಿದೆ. ನನ್ನ ಕೇಳುವ ಫೋಲ್ಡರ್ ಬೇರೆ, ಸೀಡ್ ಫೋಲ್ಡರ್ ಬೇರೆ ಅಂದುಕೊಂಡಿದ್ದೆ. ಎರಡೂ ಹಾರ್ಡ್‌ಲಿಂಕ್, ಡೇಟಾ ಒಂದೇ. ಫ್ಲಾಕ್ ಫೈಲಿನಲ್ಲಿ ಟ್ಯಾಗ್ ಬೆಳೆಯಲಿ ಅಂತ ಪ್ಯಾಡಿಂಗ್ ಎಂಬ ಖಾಲಿ ಜಾಗ ಇರುತ್ತದೆ. ಹೊಸ ಟ್ಯಾಗ್ ಅದರೊಳಗೇ ಕೂತಿತು. ಫೈಲ್ ಸೈಜ್ ಒಂದು ಬೈಟ್ ಕೂಡ ಬದಲಾಗಲಿಲ್ಲ. ಷೋ ಜೊತೆ ಬರುವ ಎಫ್‌ಎಫ್‌ಪಿ ಫೈಲಿನಿಂದ ಪರೀಕ್ಷಿಸಿದರೆ ಎಲ್ಲವೂ ಪಾಸ್, ಏಕೆಂದರೆ ಅದು ಧ್ವನಿಯನ್ನು ಮಾತ್ರ ನೋಡುತ್ತದೆ, ಟ್ಯಾಗನ್ನಲ್ಲ. ಟೊರೆಂಟ್ ಇಡೀ ಫೈಲನ್ನು ನೋಡುತ್ತದೆ. ರೀಚೆಕ್ ಕೊಟ್ಟಾಗ ಒಂದೊಂದೇ ಶೇಕಡಾ 100ರಿಂದ 98, 97ಕ್ಕೆ ಇಳಿಯಿತು. ಅಲ್ಲಿಯವರೆಗೆ ನನ್ನಿಂದ ಹೋದ ಆ ಪೀಸ್‌ಗಳನ್ನು ಇಳಿಸಿಕೊಳ್ಳುವವರ ಕಂಪ್ಯೂಟರ್ ತಿರಸ್ಕರಿಸುತ್ತಿತ್ತು. ನನಗದು ಗೊತ್ತೇ ಇರಲಿಲ್ಲ. ತುಂಬಾ ನೋವಾಯಿತು.

ಪುಣ್ಯಕ್ಕೆ ಬೇರೆ ಸೀಡರ್‌ಗಳಿದ್ದರು. ಕೆಟ್ಟ ಪೀಸ್‌ಗಳನ್ನು ಮತ್ತೆ ಇಳಿಸಿಕೊಂಡೆ. ಅಂದಿನಿಂದ 'ಸ್ಕಿಪ್ ರೀಚೆಕ್' ಆಫ್ ಮಾಡಿಟ್ಟಿದ್ದೇನೆ. ಸೇರಿಸುವ ಪ್ರತಿ ಟೊರೆಂಟನ್ನೂ ಕ್ಯೂಬಿಟ್‌ಟೊರೆಂಟ್ ಪೂರ್ತಿ ಪರೀಕ್ಷಿಸಲಿ, ತಡವಾದರೂ ಪರವಾಗಿಲ್ಲ. ಸಂಗೀತ ಇಡುವವರಿಗೆಲ್ಲ ನಾನು ಹೇಳುವುದು ಇದನ್ನೇ.

6ನೇ ಆವೃತ್ತಿಯಲ್ಲಿ 'ಪಾರ್ಶಿಯಲ್' ಎಂಬ ಹೊಂದಾಣಿಕೆ ಬಂದಿದೆ. ಸ್ವಲ್ಪ ಭಾಗ ಇಲ್ಲದಿದ್ದರೂ ಒಪ್ಪಿಕೊಂಡು ಉಳಿದದ್ದನ್ನು ಇಳಿಸಿಕೊಳ್ಳುತ್ತದೆ. ಒಬ್ಬರು ಟೆಕ್ಸ್ಟ್ ಫೈಲ್ ಸೇರಿಸಿದ್ದಾರೆ, ಇನ್ನೊಬ್ಬರು ಕವರ್ ಚಿತ್ರ ಹಾಕಿದ್ದಾರೆ, ಇಂಥ ಕಡೆ ತುಂಬಾ ಉಪಯೋಗ ಆಯಿತು. ಇಂಟರ್ನೆಟ್ ಆರ್ಕೈವ್ ಟೊರೆಂಟ್‌ಗಳಿಗೆ ಮಾತ್ರ ಇದೂ ಸಾಲದು. ಅವರು ಫ್ಲಾಕ್ ಜೊತೆಗೆ ತಾವೇ ತಯಾರಿಸಿದ ಎಂಪಿ3, ಮಾಹಿತಿ ಫೈಲುಗಳನ್ನೂ ಸೇರಿಸಿರುತ್ತಾರೆ. ಒಟ್ಟು ಸೈಜ್‌ನಲ್ಲಿ ವ್ಯತ್ಯಾಸ ಜಾಸ್ತಿ. ಅಲ್ಲಿಗೆ ಈಗಲೂ ಕೈಯಲ್ಲೇ ಮಾಡುತ್ತೇನೆ.

ಈಗ 640ರಲ್ಲಿ 214 ಷೋಗಳು ಎರಡು ಅಥವಾ ಜಾಸ್ತಿ ಸೈಟುಗಳಲ್ಲಿ ಓಡುತ್ತಿವೆ. ಹೋದ ತಿಂಗಳು 1985ರ ಒಂದು ಷೋ ಹೀಗೆ ತಾನಾಗಿ ಸೇರಿಕೊಂಡಿತು. ಆ ಸೈಟಿನಲ್ಲಿ ಅದಕ್ಕೆ ಸೀಡ್ ಸೊನ್ನೆ ಇತ್ತು. ಯಾರೋ ಒಬ್ಬರು ಶೇಕಡಾ 61ರಲ್ಲಿ ನಿಂತು ಕಾಯುತ್ತಿದ್ದರು. ಅದು 62, 63 ಅಂತ ಏರುವುದನ್ನು ಊಟ ಬಿಟ್ಟು ನೋಡುತ್ತಾ ಕೂತೆ. 100 ಆದ ಮೇಲೂ ಅವರು ಹೋಗಲಿಲ್ಲ, ಈಗಲೂ ಸೀಡ್ ಮಾಡುತ್ತಿದ್ದಾರೆ.

ಹೊಸ ಡಿಸ್ಕ್ ಬಂದಿದೆ. ಹಳೆಯದರ ಫೈಲ್ ವ್ಯವಸ್ಥೆ ಎಕ್ಸ್ಟ್4, ಅದರಲ್ಲಿ ರಿಫ್ಲಿಂಕ್ (ಡೇಟಾ ಒಂದೇ ಇದ್ದು, ತಿದ್ದಿದ ಭಾಗ ಮಾತ್ರ ಬೇರೆಯಾಗುವ ಲಿಂಕ್) ಆಗುವುದಿಲ್ಲ. ಇದಕ್ಕೆ ಎಕ್ಸ್‌ಎಫ್‌ಎಸ್ ಹಾಕಿ, ಲಿಂಕ್ ಬಗೆಯನ್ನು ರಿಫ್ಲಿಂಕ್‌ಗೆ ಬದಲಿಸುತ್ತೇನೆ. ಆಗ ಒಂದು ಕಡೆ ಟ್ಯಾಗ್ ತಿದ್ದಿದರೆ ಇನ್ನೊಂದು ಕಡೆಯ ಫೈಲ್ ಹಾಗೇ ಉಳಿಯುತ್ತದೆ.