ವಾರ್ಷಿಕೋತ್ಸವದ ಸಂಜೆಗೆ ಯಾವ ಮೇಣದಬತ್ತಿ?

ಮನೆಯಲ್ಲೇ ಇಬ್ಬರ ಊಟಕ್ಕೆ ದೀಪಾಲಂಕಾರ ಮಾಡುವುದಾದರೆ, ಖರ್ಚಿನಲ್ಲಿ ಪ್ಯಾರಾಫಿನ್ ಮೇಣದಬತ್ತಿಯೇ ಹಗುರ. ಟೀ ಲೈಟ್, ಅಂದರೆ ತಗಡಿನ ಬಟ್ಟಲಲ್ಲಿರುವ ಪುಟ್ಟ ಮೇಣದಬತ್ತಿ, ಸುಮಾರು 4 ಗಂಟೆ ಉರಿಯುತ್ತದೆ. ಅಗಲವಾದ ಉರುಳಿಯಲ್ಲಿ ನೀರು ತುಂಬಿ ಐದಾರನ್ನು ತೇಲಿಬಿಟ್ಟರೆ, ನೀರಿನಲ್ಲಿ ನಡುಗುವ ಆ ಬೆಳಕಿಗೆ ಸಾಟಿಯಿಲ್ಲ. ಆದರೆ ಉದ್ದನೆಯ ಪ್ಯಾರಾಫಿನ್ ಮೇಣದಬತ್ತಿ ಬಿರುಬೇಸಿಗೆಯಲ್ಲಿ ಬಾಗುವುದುಂಟು.

ಜೇನುಮೇಣ ಕರಗಲು 62 ಡಿಗ್ರಿ ಸೆಲ್ಸಿಯಸ್ ಆದರೂ ಬೇಕು. ನಿಧಾನವಾಗಿ ಉರಿಯುತ್ತದೆ, ತೆಳುವಾಗಿ ಜೇನಿನ ಪರಿಮಳ ಬೀರುತ್ತದೆ; ಬೆಲೆ ಮಾತ್ರ ಹಲವು ಪಟ್ಟು. ಊಟದ ಮೇಜಿಗೆ ನಾನು ಇದನ್ನೇ ಇಡುತ್ತೇನೆ. ಕೃತಕ ಸುಗಂಧದ ಬತ್ತಿ ಬಿಸಿ ಅಡುಗೆಯ ಘಮವನ್ನೇ ನುಂಗಿಬಿಡುತ್ತದೆ. ಯಾವುದೇ ಇರಲಿ, ಹಚ್ಚುವ ಮುನ್ನ ದಾರವನ್ನು 6 ಮಿಲಿಮೀಟರಿಗೆ ಕತ್ತರಿಸಿದರೆ ಮಸಿ ಕಡಿಮೆ.

ಪರದೆ, ಫ್ಯಾನ್, ಓಡಾಡುವ ಮಗು ಇರುವ ಕಡೆ ಎಲ್‌ಇಡಿ ಬತ್ತಿಯೇ ಸರಿ. ಬಿಳಿಯದಲ್ಲ, ಹಳದಿ ಬೆಳಕಿನದು.