ಮನೆ ಕಾವಲಿಗೆ ರೂಗರ್ ಪಿಸಿ ಕಾರ್ಬೈನ್: ಆರು ವರ್ಷ ಬಳಸಿದ ಮೇಲೆ

ಈ ರೈಫಲ್ ಕೊಂಡಿದ್ದು 2019ರ ಕೊನೆಯಲ್ಲಿ. ನಮ್ಮ ಮನೆ ಟೆಕ್ಸಾಸ್‌ನ ಆಸ್ಟಿನ್ ಹತ್ತಿರ. ಇವತ್ತಿನವರೆಗೆ ಇದರಲ್ಲಿ 4,100 ಚಿಲ್ಲರೆ ಗುಂಡು ಹೊಡೆದಿದ್ದೇನೆ. ಗುರಿ ಅಭ್ಯಾಸದ ರೇಂಜಿಗೆ ಹೋದಾಗಲೆಲ್ಲ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ ಇದು. ಯಾವ ದಿನ, ಯಾವ ತೋಟಾ, ಎಷ್ಟು ಸಲ ಸಿಕ್ಕಿಹಾಕಿಕೊಂಡಿತು, ಎಲ್ಲ ಅದರಲ್ಲಿದೆ. ‘ನಂಬಬಹುದಾ?’ ಅಂತ ಕೇಳುವ ಗೆಳೆಯರಿಗೆ ಆ ಪುಸ್ತಕವನ್ನೇ ತೋರಿಸುತ್ತೇನೆ.

ನಾನು ಮಡಿಕೇರಿ ಕಡೆಯವನು. ಮನೆಯಲ್ಲಿ ಅಜ್ಜನ ಜೋಡಿ ನಳಿಗೆ ಕೋವಿ ಇತ್ತು. ಕೈಲ್ ಮುಹೂರ್ತದ ದಿನ ಅದನ್ನು ಒರೆಸಿ, ಗಂಧ ಹಚ್ಚಿ, ನಳಿಗೆಗೆ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಅಜ್ಜ ಕೋವಿಯನ್ನು ಮಡಚಿ, ನಳಿಗೆಯ ಆಚೆ ಬೆಳಕು ಕಾಣುತ್ತದಾ ಅಂತ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮಕ್ಕಳಿಗೂ ಬೆಳಕು ತೋರಿಸಿಯೇ ಕೊಡುತ್ತಿದ್ದರು. ಹಾಗಾಗಿ ಕೋವಿ ನನಗೆ ಹೊಸದಲ್ಲ. ಆದರೆ ಈ ರೂಗರ್‌ನಂಥ ಸೆಮಿ ಆಟೋಮ್ಯಾಟಿಕ್ ರೈಫಲ್ ಊರಲ್ಲಿ ಸಾಮಾನ್ಯರಿಗೆ ಸಿಗುವ ವಸ್ತುವಲ್ಲ. ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹೋಗುತ್ತದೆ, ಖಾಲಿ ಕೋಶ ತಾನೇ ಹೊರಗೆ ಹಾರುತ್ತದೆ, ಮುಂದಿನ ತೋಟಾ ತಾನೇ ಒಳಗೆ ಬರುತ್ತದೆ. ಅಜ್ಜನ ಕೋವಿಯ ಹಾಗೆ ಮಡಚಿ ಬೆಳಕು ನೋಡಲು ಆಗುವುದಿಲ್ಲ. ಮ್ಯಾಗಜೀನ್ (ತೋಟಾ ತುಂಬಿಡುವ ಡಬ್ಬಿ) ತೆಗೆದರೂ ನಳಿಗೆಯಲ್ಲಿ ಒಂದು ತೋಟಾ ಕೂತಿರಬಹುದು. ಬೋಲ್ಟ್, ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗವನ್ನು ಹಿಂದಕ್ಕೆ ಎಳೆದು, ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿಯೂ ನೋಡಬೇಕು.

ರೈಫಲ್ ವಿಷಯಕ್ಕೆ ಮೊದಲು ವೀಸಾ ವಿಷಯ ಹೇಳಲೇಬೇಕು. ನಮ್ಮವರಲ್ಲಿ ಬಹಳಷ್ಟು ಜನರಿಗೆ ಇದು ಗೊತ್ತಿಲ್ಲ. ಎಚ್-1ಬಿ (ಕೆಲಸದ್ದು), ಎಚ್-4 (ಅವರ ಮನೆಯವರದ್ದು), ಎಫ್-1 (ವಿದ್ಯಾರ್ಥಿಗಳದ್ದು) ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದನ್ನಷ್ಟೇ ಅಲ್ಲ, ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ನಿಜ. ಆದರೆ ಅದನ್ನು ನಂಬಿ ಹೆಜ್ಜೆ ಇಡುವ ಮೊದಲು ವಕೀಲರನ್ನು ಕೇಳಿ. ತಪ್ಪಾದರೆ ಹೋಗುವುದು ಬಂದೂಕಲ್ಲ, ನಿಮ್ಮ ಇಡೀ ವಲಸೆ ದಾಖಲೆ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಆಮೇಲೆ ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಿದೆ. ಎಫ್‌ಬಿಐನವರ ತಪಾಸಣೆ ಆಯಿತು, ರೈಫಲ್ ಕೈಗೆ ಬಂತು.

ಇಲ್ಲಿ ಮನೆ ಕಾವಲಿಗೆ ಅಂದರೆ ಹೆಚ್ಚಿನವರು ಎಆರ್-15 ಅನ್ನುವ ರೈಫಲ್ ಹೇಳುತ್ತಾರೆ. ಅದೂ ಒಳ್ಳೆಯದೇ. ನಾನು ರೂಗರ್ ಪಿಸಿ ಕಾರ್ಬೈನ್ ಆರಿಸಿದ್ದಕ್ಕೆ ಕಾರಣ ಅದು ಹೊಡೆಯುವ 9ಎಂಎಂ ತೋಟಾ. ಪಿಸ್ತೂಲಿಗೆ ಹಾಕುವ ತೋಟಾನೇ ಇದಕ್ಕೂ ಆಗುತ್ತದೆ, ಎಆರ್‌ಗೆ ಹಾಕುವ ತೋಟಾಕ್ಕಿಂತ ಅಗ್ಗ. ಅಗ್ಗ ಅಂದರೆ ಅಭ್ಯಾಸ ಜಾಸ್ತಿ. ಹೆಂಡತಿಯೂ ಕಲಿಯಬೇಕಿತ್ತು. ದುಬಾರಿ ತೋಟಾ ಆಗಿದ್ದರೆ ತಿಂಗಳಿಗೊಮ್ಮೆ ಹೋಗುವ ಬದಲು ವರ್ಷಕ್ಕೊಮ್ಮೆ ಹೋಗುತ್ತಿದ್ದೆವು.

ನಳಿಗೆ 16 ಇಂಚಿಗಿಂತ ಸ್ವಲ್ಪ ಜಾಸ್ತಿ. ತೂಕ 3 ಕಿಲೋ ಚಿಲ್ಲರೆ, ಅದರಲ್ಲಿ ಮುಂಭಾರ ಜಾಸ್ತಿ. ಹೆಂಡತಿ ಮೊದಲ ದಿನ ಹತ್ತು ನಿಮಿಷಕ್ಕೇ ಕೈ ಇಳಿಸಿದಳು. ಹೆಗಲಿಗೆ ಒತ್ತುವ ಹಿಂಬದಿಯಲ್ಲಿ ಉದ್ದ ಹೊಂದಿಸಲು ಇರುವ ತುಂಡುಗಳನ್ನು ತೆಗೆದು ಉದ್ದ ಕಮ್ಮಿ ಮಾಡಿದ ಮೇಲೆ ಅವಳ ಹೆಗಲಿಗೆ ಸರಿಯಾಗಿ ಕೂತಿತು. ಬೋಲ್ಟ್ ಎಳೆಯುವ ಹಿಡಿಯನ್ನೂ ಮ್ಯಾಗಜೀನ್ ಬಿಡಿಸುವ ಗುಂಡಿಯನ್ನೂ ಎಡಕ್ಕೋ ಬಲಕ್ಕೋ ಬದಲಿಸಿಕೊಳ್ಳಬಹುದು. ಇಡೀ ರೈಫಲನ್ನು ನಡುವೆ ತಿರುಗಿಸಿ ಎರಡು ತುಂಡು ಮಾಡಬಹುದು. ಬಿಚ್ಚಿ ಜೋಡಿಸಿದ ಮೇಲೆ ಪ್ರತಿ ಸಲವೂ ಐದು ಗುಂಡು ಹೊಡೆದು ಗುರಿ ಅಲ್ಲೇ ಇದೆಯಾ ಅಂತ ನೋಡಿಕೊಳ್ಳುತ್ತೇನೆ. ಬೋಲ್ಟ್ ಒಳಗೆ ಟಂಗ್‌ಸ್ಟನ್ ಭಾರ ಇದೆ, ಒದೆತ ತಗ್ಗಿಸಲಿಕ್ಕೆ. ಆದರೂ ‘9ಎಂಎಂ ತಾನೇ, ಏನೂ ಗೊತ್ತಾಗಲ್ಲ’ ಅಂದುಕೊಳ್ಳಬೇಡಿ. ಬರೀ ಬೋಲ್ಟಿನ ಭಾರದ ಮೇಲೆ ನಡೆಯುವ ರೈಫಲ್ ಇದು, ಹೆಗಲಿಗೆ ಸಣ್ಣ ಗುದ್ದು ಬರುತ್ತದೆ.

ಈಗ ನಂಬಿಕೆಯ ವಿಷಯ. ಮೂರನೇ ತಿಂಗಳಲ್ಲಿ ತೊಂದರೆ ಶುರುವಾಯಿತು. ತೋಟಾ ಮೂತಿ ಕೆಳಗೆ ಮಾಡಿಕೊಂಡು ನಳಿಗೆಯ ಬಾಯಿಗೆ ಹೋಗದೆ ನಿಲ್ಲುತ್ತಿತ್ತು. ಒಂದೇ ದಿನ ಆರು ಸಲ ಹೀಗಾಯಿತು. ರೈಫಲ್ಲೇ ಕೆಟ್ಟಿದೆ ಅಂದುಕೊಂಡೆ. ರೇಂಜಿನಲ್ಲಿದ್ದ ಹಿರಿಯರೊಬ್ಬರು ನೋಡಿ, ‘ಮ್ಯಾಗಜೀನ್‌ಗಳಿಗೆ ನಂಬರ್ ಹಾಕಿ’ ಅಂದರು. ನನ್ನ ಹತ್ತಿರ ಐದು ಇದ್ದವು. ಬಿಳಿ ಪೇಂಟ್ ಪೆನ್ನಿನಲ್ಲಿ ತಳಕ್ಕೆ 1ರಿಂದ 5 ಬರೆದೆ. ಮುಂದಿನ ವಾರ ಒಂದೊಂದರಲ್ಲೂ ನೂರು ಗುಂಡು ಹೊಡೆದೆ. ಸಿಕ್ಕಿದ್ದೆಲ್ಲ 4ನೇ ನಂಬರಿನಲ್ಲೇ. ಅದು ಹತ್ತು ಡಾಲರ್ ಉಳಿಸಲು ಕೊಂಡ ಯಾವುದೋ ಅಗ್ಗದ ಮ್ಯಾಗಜೀನ್. ಬೆಳಕಿಗೆ ಹಿಡಿದು ನೋಡಿದರೆ ತೋಟಾ ಹಿಡಿಯುವ ಎರಡು ತುಟಿಗಳಲ್ಲಿ ಒಂದು ಕೂದಲೆಳೆಯಷ್ಟು ಹೊರಗೆ ಬಾಗಿತ್ತು. ಅದನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಕಸಕ್ಕೆ ಹಾಕಿದೆ. ಸುಮ್ನೆ ಎಸೆದರೆ ಯಾರಾದರೂ ಎತ್ತಿಕೊಂಡು ಬಳಸಬಹುದಲ್ವಾ?

ಆಮೇಲೆ ನೋಟ್‌ಬುಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಲೆಕ್ಕ ಬರೀ ಮೂರು. ಮೂರೂ 2020ರ ಕೊನೆಯಲ್ಲಿ. ಆಗ ತೋಟಾ ಸಿಗುವುದೇ ಕಷ್ಟವಾಗಿತ್ತು, ಸಿಕ್ಕಿದ್ದನ್ನು ಕೊಂಡಿದ್ದೆ. ಮನೆ ಕಾವಲಿಗೆ ಅಂತ ಇಡುವ ತೋಟಾವನ್ನು ನಾನು ಬೇರೆಯೇ ಇಡುತ್ತೇನೆ. ಅದೇ ಪೆಟ್ಟಿಗೆಯಿಂದ ಮೊದಲು ಇನ್ನೂರು ಗುಂಡು ಇದೇ ರೈಫಲಿನಲ್ಲಿ, ಇವೇ ಮ್ಯಾಗಜೀನ್‌ಗಳಲ್ಲಿ ಹೊಡೆದು, ಒಂದೂ ಸಿಕ್ಕಿಕೊಳ್ಳದಿದ್ದರೆ ಮಾತ್ರ. ಖರ್ಚು ಬರುತ್ತದೆ. ಆದರೆ ಈ ಪರೀಕ್ಷೆ ಮಾಡದೆ ಯಾವ ಬಂದೂಕನ್ನೂ ನಂಬಿಕಸ್ಥ ಅನ್ನಬಾರದು, ಅದರ ಮೇಲೆ ಯಾವ ಕಂಪನಿಯ ಹೆಸರಿದ್ದರೂ. ಮಸಿ ಬೇಗ ಕೂರುತ್ತದೆ ಅನ್ನುವುದೂ ನೆನಪಿರಲಿ. ಮುನ್ನೂರು ಗುಂಡಿಗೊಮ್ಮೆ ಬಿಚ್ಚಿ ಒರೆಸಿ ಎಣ್ಣೆ ಹಾಕುತ್ತೇನೆ.

ಅಮೆರಿಕದ ಮನೆಗಳ ಗೋಡೆ ಬಗ್ಗೆ ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ. ಊರಲ್ಲಿ ಗೋಡೆ ಅಂದರೆ ಕಲ್ಲು, ಇಟ್ಟಿಗೆ. ಇಲ್ಲಿ ಒಳಗಿನ ಗೋಡೆ ಅಂದರೆ ಮರದ ಪಟ್ಟಿಗಳಿಗೆ ಎರಡೂ ಕಡೆ ಹೊಡೆದ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಗುಂಡಿಗೆ ಅದು ಗೋಡೆಯೇ ಅಲ್ಲ. 9ಎಂಎಂ ಒಂದರ ಹಿಂದೆ ಒಂದು ಹಲವು ಗೋಡೆ ದಾಟುತ್ತದೆ. ಬಡಿದಾಗ ಅರಳಲೆಂದು ಮೂತಿಯಲ್ಲಿ ಗುಳಿ ಮಾಡಿದ ಗುಂಡಿಗೂ ಜಿಪ್ಸಮ್ ಪುಡಿ ತುಂಬಿಕೊಂಡರೆ ಅದು ಅರಳುವುದಿಲ್ಲ, ನೇರ ಹೋಗುತ್ತದೆ. ಈ ಒಂದು ವಿಷಯದಲ್ಲಿ ಎಆರ್‌ನ ಹಗುರ ಗುಂಡು ವಾಸಿ. ಅದು ಗೋಡೆಗೆ ಬಡಿದಾಗ ಉರುಳುವುದು, ಚೂರಾಗುವುದು ಜಾಸ್ತಿ. ಹಾಗಂತ ಅದೂ ಗೋಡೆಯಲ್ಲಿ ನಿಲ್ಲುವುದಿಲ್ಲ.

2022ರ ಮೇ ತಿಂಗಳಲ್ಲಿ ನಮ್ಮತ್ತೆ ಊರಿಂದ ಬಂದಿದ್ದರು. ಬಂದು ಮೂರನೇ ರಾತ್ರಿ. ಎರಡು ಗಂಟೆಗೆ ಹಿಂಬಾಗಿಲ ಅಲಾರಂ ‘ಟಿಂಗ್’ ಅಂತು. ಆಮೇಲೆ ಪಾತ್ರೆ ಸದ್ದು. ಎದ್ದವನೇ ರೈಫಲ್ ಇಟ್ಟ ಸೇಫ್ ಹತ್ತಿರ ಹೋದೆ. ಬೆರಳು ಬೀಗದ ಗುಂಡಿಗಳ ಮೇಲೆ ಇತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಬಾಗಿಲ ಸಂದಿಯಿಂದ ‘ಯಾರದು?’ ಅಂತ ಜೋರಾಗಿ ಕೂಗಿದೆ. ‘ನಾನಪ್ಪಾ. ನಿದ್ದೆ ಬರ್ಲಿಲ್ಲ, ಸ್ವಲ್ಪ ಗಾಳಿ ಬರ್ಲಿ ಅಂತ ಬಾಗ್ಲು ತೆಗ್ದೆ. ಕಾಫಿ ಇಡ್ಲಾ ನಿಂಗೂ?’ ಅಂದರು. ಅವರಿಗೆ ಇನ್ನೂ ಇಂಡಿಯಾದ ಹಗಲು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಾರನೇ ದಿನ ಮನೆಯಲ್ಲಿ ನಿಯಮ ಮಾಡಿದೆವು. ಸದ್ದಾದರೆ ಮೊದಲು ಮನೆಯವರ ಎಣಿಕೆ. ಆಮೇಲೆ ಕೂಗಿ ಕೇಳುವುದು. ಮಗಳು ನಮ್ಮ ಕೋಣೆಗೆ ಬರಬೇಕು, ಬಾಗಿಲು ಹಾಕಬೇಕು, 911ಕ್ಕೆ ಫೋನ್. ರೈಫಲ್ ಹಿಡಿದು ಮನೆಯೆಲ್ಲ ಹುಡುಕಿಕೊಂಡು ಹೋಗುವುದಿಲ್ಲ. ರೈಫಲಿಗೆ ಒಳ್ಳೆಯ ಟಾರ್ಚ್ ಹಾಕಿಸಿದ್ದೇನೆ. ಮುಖ ಕಾಣದೆ ಬೆರಳು ಟ್ರಿಗರ್ ಹತ್ತಿರ ಹೋಗಕೂಡದು.

ಸೇಫ್ ವಿಷಯದಲ್ಲೂ ಒಂದು ಪಾಠ ಕಲಿತೆ. ಮೊದಲು ಬೆರಳಚ್ಚಿನ ಬೀಗದ್ದು ಕೊಂಡಿದ್ದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ನಮಗೆ ಮೂರು ದಿನ ಕರೆಂಟ್ ಇರಲಿಲ್ಲ, ಮನೆಯೊಳಗೇ ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದೆವು. ಚಳಿಗೆ ಒಣಗಿ ಬಿರಿದ ಬೆರಳನ್ನು ಆ ಬೀಗ ಗುರುತೇ ಹಿಡಿಯಲಿಲ್ಲ. ಎರಡನೇ ದಿನ ಬ್ಯಾಟರಿಯೂ ಸತ್ತಿತು. ಈಗ ಇರುವುದು ಬ್ಯಾಟರಿ ಬೇಡದ, ಒತ್ತುವ ಗುಂಡಿಗಳ ಬೀಗ. ಗೋಡೆಯ ಮರದ ಪಟ್ಟಿಗೆ ಬೋಲ್ಟ್ ಹಾಕಿ ಬಿಗಿದಿದೆ. ಕತ್ತಲಲ್ಲಿ ಕಣ್ಣು ಮುಚ್ಚಿ ತೆರೆಯುವುದನ್ನು ಇಬ್ಬರೂ ಅಭ್ಯಾಸ ಮಾಡಿದ್ದೇವೆ. ಕಿವಿ ಕಾಪಾಡುವ ಹೆಡ್‌ಸೆಟ್ ಪಕ್ಕದಲ್ಲೇ ನೇತು ಹಾಕಿದೆ, ಮುಚ್ಚಿದ ಕೋಣೆಯಲ್ಲಿ ಒಂದೇ ಗುಂಡಿನ ಸದ್ದು ಕಿವಿಗೆ ಶಾಶ್ವತ ಪೆಟ್ಟು ಕೊಡಬಲ್ಲದು. ನಳಿಗೆ ಖಾಲಿ ಇಟ್ಟು ಮ್ಯಾಗಜೀನ್ ಮಾತ್ರ ಹಾಕಿಟ್ಟರೆ ಬೀಗ ಬೇಡ ಅನ್ನುವವರಿದ್ದಾರೆ. ಟೆಕ್ಸಾಸ್ ಕಾನೂನು ಹಾಗೆ ಹೇಳುವುದಿಲ್ಲ. 17 ವರ್ಷದೊಳಗಿನ ಮಗುವಿನ ಕೈಗೆ ತೋಟಾ ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಅಪರಾಧ, ನಳಿಗೆಯಲ್ಲಿ ತೋಟಾ ಇದ್ದರೂ ಇಲ್ಲದಿದ್ದರೂ. ನಮ್ಮ ಮಗಳಿಗೆ ಈಗ ಹನ್ನೊಂದು. ಅವಳ ಗೆಳತಿಯರು ವಾರಕ್ಕೆ ಮೂರು ದಿನ ಮನೆಗೆ ಬರುತ್ತಾರೆ.

ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ ಇರುವವರು ನಾನು ಕೊಂಡದ್ದನ್ನೇ ಹುಡುಕಬೇಡಿ. ನನ್ನದಕ್ಕೆ 17 ಗುಂಡಿನ ಮ್ಯಾಗಜೀನ್ ಬಂತು, ನಿಮ್ಮಲ್ಲಿ 10ಕ್ಕೆ ಮಿತಿ. ನಳಿಗೆಯ ತುದಿಗೆ ತಿರುಪಿನ ಸುತ್ತು (ಥ್ರೆಡ್) ಇಲ್ಲದ, 10 ಗುಂಡಿನ ಮಾದರಿಯನ್ನು ಕಂಪನಿ ಬೇರೆಯಾಗಿ ಮಾಡುತ್ತದೆ. ನ್ಯೂಜೆರ್ಸಿಯಲ್ಲಿ ಕೊಳ್ಳುವ ಮೊದಲೇ ಪೊಲೀಸರಿಂದ ಗುರುತಿನ ಕಾರ್ಡ್ ಮಾಡಿಸಬೇಕು.

2018ರ ಹೊತ್ತಿಗೆ ಇದರ ಪಟ್ಟಿ ಬೆಲೆ ಸುಮಾರು 650 ಡಾಲರ್ ಇತ್ತು. ಸೇಫ್, ಟಾರ್ಚ್, ಹೆಡ್‌ಸೆಟ್, ಎರಡು ದಿನದ ತರಬೇತಿ, ಇಷ್ಟು ವರ್ಷದ ತೋಟಾ ಎಲ್ಲ ಸೇರಿಸಿದರೆ ರೈಫಲಿನ ಬೆಲೆಯೇ ಚಿಕ್ಕದು. ಮತ್ತೆ ಕೊಳ್ಳುವ ಸಂದರ್ಭ ಬಂದರೆ ಇದನ್ನೇ ಕೊಳ್ಳುತ್ತೇನೆ. ಆದರೆ ತಿಂಗಳಿಗೊಮ್ಮೆ ರೇಂಜಿಗೆ ಹೋಗಲು ಬಿಡುವಿಲ್ಲ, ಸೇಫ್‌ಗೆ ದುಡ್ಡು ಹಾಕಲು ಮನಸ್ಸಿಲ್ಲ ಅನ್ನುವವರು ದಯವಿಟ್ಟು ಕೊಳ್ಳಬೇಡಿ. ಮುಂಬಾಗಿಲ ಚೌಕಟ್ಟಿಗೆ ಬೀಗದ ಪಟ್ಟಿ ಕೂರಿಸಿರುವ ಗಿಡ್ಡ ಸ್ಕ್ರೂಗಳನ್ನು ತೆಗೆದು 3 ಇಂಚಿನವು ಹಾಕಿಸಿ. ಹಿಂಬಾಗಿಲಿಗೆ ದೀಪ ಹಾಕಿಸಿ. ಈ ಎರಡನ್ನೂ ನಾನು ರೈಫಲ್ ಕೊಳ್ಳುವ ಮೊದಲೇ ಮಾಡಿದ್ದೆ.